ಬೆಲ್ಟಿನ ಎರಡನೇ ರಿಂಗು

ಸೀಟಿ ಮೇಷ್ಟ್ರ ಕೈ ಖಾಲಿ ಇದ್ದದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಒಂದರಲ್ಲಿ ನಾಯಿಯ ಹಗ್ಗ, ಇನ್ನೊಂದರಲ್ಲಿ ಛತ್ರಿ. ಮೋಡವಿಲ್ಲದ ದಿನ ಛತ್ರಿಯ ಬದಲು ಚೀಲ, ಚೀಲಕ್ಕೆ ನೆಪವಿಲ್ಲದ ದಿನ ಮಡಿಸಿದ ಪತ್ರಿಕೆ. ಹೈಸ್ಕೂಲಿನಲ್ಲಿ ವ್ಯಾಯಾಮ ಕಲಿಸುವ ಅವರು ಕೊರಳಲ್ಲಿ ಸೀಟಿ ಇಲ್ಲದೆ ಮನೆಯ ಗೇಟು ದಾಟಿದವರಲ್ಲ. ಹೆಸರು ಬಂದದ್ದು ಹಾಗೆ. ಹೆಂಡತಿಯ ಜೊತೆ ಹೊರಟರೆ ಯಾವಾಗಲೂ ಒಂದು ಮಾರು ಮುಂದೆ. ಹಿಂದೆ ಬರುತ್ತಿರುವವರು ತಮ್ಮವರೇ ಎನ್ನುವುದಕ್ಕೆ ಆಗಾಗ ತಿರುಗಿ ಹಾಕುವ ಒಂದು "ಏ, ಬಾ" ಅಷ್ಟೇ ಸಾಕ್ಷಿ.

ಹೆಂಡತಿಯ ಕೈ ಹಿಡಿದು ಬೀದಿಯಲ್ಲಿ ನಡೆಯುವುದು ಅವರ ಕೈಲಾಗದ ಕೆಲಸವಾಗಿತ್ತು. ಮದುವೆಯಾದ ಹೊಸತರಲ್ಲಿ ಒಮ್ಮೆ ಆಕೆ ಕೈ ಚಾಚಿದಾಗ "ಜನ ನೋಡ್ತಾರೆ" ಎಂದಿದ್ದರು. ಆಮೇಲೆ ಆಕೆ ಚಾಚಲಿಲ್ಲ, ಇವರು ಮತ್ತೆ ಹೇಳಬೇಕಾಗಲಿಲ್ಲ. ಜನ ನಿಜವಾಗಿ ನೋಡುತ್ತಿದ್ದರೋ ಇಲ್ಲವೋ ದೇವರಿಗೇ ಗೊತ್ತು. ಪಾಪ, ಜನಕ್ಕೆ ಅವರವರ ತಾಪತ್ರಯವೇ ಹಾಸಿ ಹೊದೆಯುವಷ್ಟಿತ್ತು.

ಹೆಂಡತಿ ಬೇರೊಂದು ಶಾಲೆಯಲ್ಲಿ ಎರಡನೇ ತರಗತಿಗೆ ಭಾಷೆ ಕಲಿಸುತ್ತಿದ್ದರು. ಬೀದಿಗೆಲ್ಲ ಅವರು ಟೀಚರಮ್ಮ. ತರಕಾರಿಯವಳಿಂದ ಹಿಡಿದು ಬ್ಯಾಂಕಿನ ಮ್ಯಾನೇಜರಿನ ತನಕ ಎಲ್ಲರೂ "ಬನ್ನಿ ಟೀಚರಮ್ಮ, ಕೂತ್ಕೊಳ್ಳಿ ಟೀಚರಮ್ಮ" ಅನ್ನುವವರೇ. ಮನೆಯೊಳಗೆ ಕಾಲಿಟ್ಟರೆ ಮಾತ್ರ "ಏ". ಅದು ಸಿಟ್ಟಿನ "ಏ" ಅಲ್ಲ, ಪ್ರೀತಿಯದೂ ಅಲ್ಲ, ರೂಢಿಯ "ಏ". ಆ ಮನೆಯಲ್ಲಿ ಪದವಿ ಇದ್ದದ್ದು ನಾಯಿಗೆ ಮಾತ್ರ. ಅದರ ಹೆಸರು ಕ್ಯಾಪ್ಟನ್.

ವರ್ಷದ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಟೀಚರಮ್ಮನ ಒಳಕಿವಿಗೆ ಏನೋ ಸೋಂಕು ತಗುಲಿ ತಲೆಸುತ್ತು ಶುರುವಾಯಿತು. ಸೋಂಕು ಹೋಯಿತು, ಸುತ್ತು ಹೋಗಲಿಲ್ಲ. ನಿಂತ ನೆಲ ದೋಣಿಯ ಹಾಗೆ ವಾಲುತ್ತದೆ ಅನ್ನುತ್ತಿದ್ದರು. ಕಿವಿಯ ಡಾಕ್ಟರು ಪರೀಕ್ಷಿಸಿ ನೋಡಿ, "ಮಾತ್ರೆಗಿಂತ ಇದಕ್ಕೆ ನಡಿಗೆನೇ ಔಷಧಿ," ಎಂದರು. "ಮಲಗಿದಷ್ಟೂ ಇದು ಮೊಂಡು ಹಿಡಿಯುತ್ತೆ. ದಿನಾ ಒಬ್ಬರ ಕೈ ಹಿಡ್ಕೊಂಡು, ತಲೆ ಎತ್ಕೊಂಡು, ರಸ್ತೇಲಿ ನಡೀರಿ. ಶಾಲೆ ತೆರೆಯೋ ಹೊತ್ತಿಗೆ ಬೋರ್ಡಿನ ಮುಂದೆ ನಿಂತಿರ್ತೀರಿ." ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಕೈ ನಿಮ್ಮದು," ಎಂದು ಸೇರಿಸಿದರು. ಮೇಷ್ಟ್ರು ಗೋಡೆಗೆ ಹಾಕಿದ್ದ ಕಿವಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದರು.

ಟೀಚರಮ್ಮನಿಗೆ ಬೇಕಿದ್ದದ್ದು ಒಂದೇ. ಶಾಲೆ ತೆರೆದ ದಿನ ತಮ್ಮ ತರಗತಿಗೆ ತಾವೇ ಹೋಗಬೇಕು. ಹೆಡ್‌ಮಿಸ್ ಫೋನು ಮಾಡಿ "ಅವಸರ ಏನಿಲ್ಲ, ಆರಾಮಾಗಿರಿ" ಎಂದಾಗಿನಿಂದ ಅವರಿಗೆ ಅವಸರ ಇನ್ನೂ ಹೆಚ್ಚಾಗಿತ್ತು. ಸಂಜೆಯಾದರೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುವರು. ಮೇಷ್ಟ್ರು ಎರಡೂ ಕೈ ಎತ್ತಿ ತೋರಿಸುವರು. "ನಾಯಿ ಎಳೆಯುತ್ತಲ್ಲ, ಕೈ ಎಲ್ಲಿದೆ?" ಟೀಚರಮ್ಮ ಚಪ್ಪಲಿ ಬಿಚ್ಚಿ, ಹಜಾರದ ಗೋಡೆ ಹಿಡಿದುಕೊಂಡು ಆ ತುದಿಯಿಂದ ಈ ತುದಿಗೆ ನಡೆಯುವರು. ಗೋಡೆಯ ಸುಣ್ಣದ ಮೇಲೆ ಅವರ ಬೆರಳು ಹಾಯುವ ಎತ್ತರದಲ್ಲಿ ಒಂದು ಮಾಸಲು ಗೆರೆ ಮೂಡಿತ್ತು.

ಆ ಗೆರೆಯನ್ನು ನೋಡಿದ್ದು ಮಗಳು. ಆಕೆ ಊರಿನ ಇನ್ನೊಂದು ಕಡೆ ಪ್ರಾಣಿಗಳ ಆಸ್ಪತ್ರೆಯಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸದಲ್ಲಿದ್ದಳು. ಮುಂದಿನ ರಜೆಯ ದಿನ ಒಂದು ಡಬ್ಬಿ ತಂದು ಅಪ್ಪನ ಮುಂದಿಟ್ಟಳು. ಒಳಗೆ ಅಗಲವಾದ ಸೊಂಟದ ಬೆಲ್ಟು, ಅದರ ಮೇಲೆ ಮುಂದೊಂದು ಹಿಂದೊಂದು ಲೋಹದ ಎರಡು ರಿಂಗು, ಎಲಾಸ್ಟಿಕ್ ಸೇರಿಸಿ ನೇಯ್ದ ಎರಡು ಪಟ್ಟಿ, ಪಟ್ಟಿಯ ಒಂದು ತುದಿಗೆ ಕೊಕ್ಕೆ, ಇನ್ನೊಂದಕ್ಕೆ ಹಿಡಿಕೆ. ನಾಯಿಯ ಹಗ್ಗವನ್ನು ಕೈಯಲ್ಲಿ ಹಿಡಿಯುವ ಬದಲು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಏರ್ಪಾಡು.

ಹೊಸ ಸಲಕರಣೆ ಎಂದರೆ ಮೇಷ್ಟ್ರಿಗೆ ಜೀವ. ಅದರ ಉದ್ದೇಶ ಕೇಳುವ ಮೊದಲೇ ಎದ್ದು ನಿಂತು ಕಟ್ಟಿಕೊಂಡರು.

"ಹೊಟ್ಟೆ ಮೇಲಲ್ಲ ಅಪ್ಪಾ, ಇನ್ನೂ ಕೆಳಗೆ. ಸೊಂಟದ ಮೂಳೆ ಮೇಲೆ ಕೂರ್ಬೇಕು. ಹೊಟ್ಟೆಗೆ ಕಟ್ಕೊಂಡ್ರೆ ಅದು ಎಳೆದಾಗ ನೀವು ಮುಗ್ಗರಿಸ್ತೀರಿ."

"ಅವರ ಹೊಟ್ಟೆ ಎಲ್ಲಿ ಮುಗಿಯುತ್ತೆ ಅಂತ ಮೊದಲು ಗೊತ್ತಾಗ್ಬೇಕಲ್ಲ," ಎಂದರು ಟೀಚರಮ್ಮ ಸೋಫಾದಿಂದ.

ಬಕಲ್ಲು ಬಿಗಿ ಮಾಡಿದರು, ಸಡಿಲ ಮಾಡಿದರು, ಬೆಲ್ಟಿನೊಳಗೆ ಬೆರಳು ತೂರಿಸಿ ನೋಡಿದರು. ಮಗಳು ಪಟ್ಟಿಯ ಹಿಡಿಕೆಯನ್ನು ಮಡಚಿ ರಿಂಗಿಗೆ ಹಾಕಿ ಲಾಕು ಮಾಡಿದಳು. ಕೊಕ್ಕೆಯನ್ನು ಕ್ಯಾಪ್ಟನ್ ಕುತ್ತಿಗೆಗೆ ಸಿಕ್ಕಿಸಬಾರದು, ಎದೆಪಟ್ಟಿಗೆ ಸಿಕ್ಕಿಸಬೇಕು ಎಂದು ತೋರಿಸಿದಳು. ನಾಯಿಯ ಮೂತಿ ಮೇಷ್ಟ್ರ ಮೊಣಕಾಲಿಗಿಂತ ತೀರಾ ಮುಂದೆ ಹೋಗದ ಹಾಗೆ ಪಟ್ಟಿಯನ್ನು ಗಿಡ್ಡ ಮಾಡಿದಳು. ಎಳೆತ ಎಷ್ಟಿರುತ್ತದೆ ನೋಡೋಣ ಎಂದು ಮೇಷ್ಟ್ರು ಬೆಲ್ಟನ್ನು ಬಿಚ್ಚಿ ಊಟದ ಮೇಜಿನ ಕುರ್ಚಿಗೆ ಕಟ್ಟಿ, ಅಡಿಗೆಮನೆಯಿಂದ ಬಿಸ್ಕತ್ತು ತೋರಿಸಿದರು. ಕ್ಯಾಪ್ಟನ್ ಕುರ್ಚಿ ಸಮೇತ ಅಡಿಗೆಮನೆಗೆ ಬಂತು.

"ಅಪ್ಪಾ, ಅದು ಮುಂದೆ ನುಗ್ಗಿದ್ರೆ ನೀವು ಕಾಲು ಅಗಲಿಸಿ ನಿಲ್ಲಿ. ರಸ್ತೆ ದಾಟೋ ಮುಂಚೆ ಕೂರಿಸಿ. ಅಷ್ಟು ಕಲಿಸಿದ್ರೆ ಸಾಕು."

"ಇನ್ನೊಂದು ಪಟ್ಟಿ ಯಾಕೆ?"

"ಅದು ಎರಡು ನಾಯಿ ಇರೋರಿಗೆ. ಒಳಗಿಡಿ." ಮಗಳು ಅಮ್ಮನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸದೆಯೇ ಹೇಳಿದಳು. "ಈಗ ಎರಡು ಕೈಯೂ ಬಿಡುವು. ಇನ್ನು ನೆಪ ಹೇಳ್ಬೇಡಿ."

ಮಾರನೆಯ ಸಂಜೆ ಮೇಷ್ಟ್ರು ಬೆಲ್ಟು ಕಟ್ಟಿಕೊಂಡು ಗೇಟಿನ ತನಕ ಹೋದರು. ಟೀಚರಮ್ಮ ಚಪ್ಪಲಿ ಹಾಕಿಕೊಂಡು ಪಕ್ಕಕ್ಕೆ ಬಂದು ನಿಂತರು. ಏನೂ ಹಿಡಿಯದ ಎರಡು ಕೈ ಅಷ್ಟು ಉದ್ದ ಇರುತ್ತವೆ ಎಂದು ಮೇಷ್ಟ್ರಿಗೆ ಗೊತ್ತಾದದ್ದು ಅಂದೇ. ಬೆನ್ನ ಹಿಂದೆ ಕಟ್ಟಿದರು, ಜೇಬಿಗೆ ಹಾಕಿದರು, ಸೀಟಿ ಹಿಡಿದುಕೊಂಡರು. ಎದುರುಮನೆಯ ಅಜ್ಜಿ ಬಟ್ಟೆ ಒಣಹಾಕುತ್ತಿದ್ದಳು. ಮೂಲೆಯ ಅಂಗಡಿಯ ಹತ್ತಿರ ಅವರ ಶಾಲೆಯ ಹುಡುಗರ ಗುಂಪು, ರಜೆಯಲ್ಲೂ ಅವರ ಹತ್ತಿರ ಆಟದ ತರಬೇತಿಗೆ ಬರುವವರು. ಆ ಹುಡುಗರ ಮುಂದೆ ಹೆಂಡತಿಯ ಕೈ ಹಿಡಿದು ಹೋಗುವುದೆಂದರೆ ನಾಳೆ ಮೈದಾನದಲ್ಲಿ ಸೀಟಿ ಊದುವ ಮುಖ ಎಲ್ಲಿ? ಆಗ ಅವರ ತಲೆಗೆ ಹೊಳೆದದ್ದೇ ಎರಡನೇ ರಿಂಗು.

ಒಳಗೆ ಓಡಿ ಆ ಪಟ್ಟಿ ತಂದರು. ಕೊಕ್ಕೆಯನ್ನು ಬೆಲ್ಟಿನ ಹಿಂದಿನ ರಿಂಗಿಗೆ ಸಿಕ್ಕಿಸಿ, ಹಿಡಿಕೆಯನ್ನು ಹೆಂಡತಿಯ ಮುಂದೆ ಚಾಚಿದರು.

"ಇದನ್ನ ಹಿಡ್ಕೋ. ಕೈಗಿಂತ ಗಟ್ಟಿ. ಅಲ್ಲಾಡಲ್ಲ. ನಾನು ಹೇಳಿದ ಹಾಗೆ ಮಾಡು, ಕೆಳಗೆ ನೋಡ್ಬೇಡ. ನಡಿ ಅಂದ್ರೆ ನಡಿ, ನಿಲ್ಲು ಅಂದ್ರೆ ನಿಲ್ಲು."

ಟೀಚರಮ್ಮ ಹಿಡಿಕೆಯನ್ನು ನೋಡಿದರು. ಗಂಡನ ಮುಖ ನೋಡಿದರು. ಶಾಲೆ ತೆರೆಯಲು ಹೆಚ್ಚು ದಿನ ಉಳಿದಿರಲಿಲ್ಲ. ಹಿಡಿದುಕೊಂಡರು.

ನಿಜ ಹೇಳಬೇಕೆಂದರೆ, ನಡಿಗೆ ಚೆನ್ನಾಗಿಯೇ ಆಯಿತು. ಮುಂದೆ ಕ್ಯಾಪ್ಟನ್, ನಡುವೆ ಮೇಷ್ಟ್ರು, ಹಿಂದೆ ಟೀಚರಮ್ಮ. ಮೊದಲ ದಿನ ಮೂಲೆಯ ಅಂಗಡಿಯ ತನಕ, ಆಮೇಲೆ ಅಂಚೆ ಕಚೇರಿಯ ತನಕ, ಒಂದು ವಾರ ಕಳೆಯುವಷ್ಟರಲ್ಲಿ ದೊಡ್ಡ ರಸ್ತೆಯ ಔಷಧಿ ಅಂಗಡಿಯ ತನಕ. ನೆಲ ವಾಲುವುದು ಕಡಿಮೆಯಾಯಿತು. ಟೀಚರಮ್ಮ ರಾತ್ರಿ ಊಟಕ್ಕೆ ಕೂತಾಗ ಮಕ್ಕಳಿಗೆ ಮೊದಲ ದಿನ ಹೇಳುವ ಕಥೆ ಯಾವುದೆಂದು ಯೋಚಿಸತೊಡಗಿದರು. ಮೇಷ್ಟ್ರಿಗೆ ತಮ್ಮ ಬುದ್ಧಿಯ ಮೇಲೆ ತಮಗೇ ಹೆಮ್ಮೆ. ಅದರಲ್ಲೂ "ನಡಿ" ಎಂದರೆ ಇಬ್ಬರೂ ನಡೆಯುತ್ತಾರೆ, "ನಿಲ್ಲು" ಎಂದರೆ ಇಬ್ಬರೂ ನಿಲ್ಲುತ್ತಾರೆ, ಒಂದೇ ಮಾತಿಗೆ ಎರಡೂ ಕೆಲಸ ಆಗುತ್ತದೆ ಎಂದು ಶಾಲೆಯ ಗುಮಾಸ್ತರ ಹತ್ತಿರ ಕೊಚ್ಚಿಕೊಂಡದ್ದೂ ಆಯಿತು.

ಅಂಥದೊಂದು ಸಂಜೆ ಔಷಧಿ ಅಂಗಡಿಯ ಮುಂದೆ ರಸ್ತೆ ದಾಟಬೇಕಿತ್ತು. ಬಸ್ಸು ತಿರುಗುತ್ತಿತ್ತು. ಕ್ಯಾಪ್ಟನ್ ಆಚೆ ಬದಿಯ ಬೆಕ್ಕನ್ನು ಕಂಡು ಮುಂದಕ್ಕೆ ಜಗ್ಗಿತು. ಮೇಷ್ಟ್ರು ಕಾಲು ಅಗಲಿಸಿ ನಿಂತು, ಮೈದಾನದ ದನಿಯಲ್ಲಿ ಗದರಿದರು.

"ಕೂತ್ಕೋ."

ಕ್ಯಾಪ್ಟನ್ ಕೂತಿತು. ಬೆಲ್ಟಿನ ಹಿಂದಿನ ರಿಂಗು ಕೆಳಮುಖವಾಗಿ ಎಳೆದಂತಾಗಿ ಮೇಷ್ಟ್ರು ತಿರುಗಿ ನೋಡಿದರು. ಟೀಚರಮ್ಮ ಫುಟ್‌ಪಾತಿನ ಅಂಚಿನಲ್ಲಿ ಕೂತಿದ್ದರು. ಧೂಳಿನಲ್ಲಿ, ಸಿಗರೇಟಿನ ತುಂಡುಗಳ ನಡುವೆ, ಕಾಲು ಒಂದು ಬದಿಗೆ ಮಡಚಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು. ಪಟ್ಟಿಯ ಹಿಡಿಕೆ ಬಿಟ್ಟಿರಲಿಲ್ಲ. ಡಾಕ್ಟರು ಹೇಳಿದ್ದ ಹಾಗೆ ತಲೆ ಎತ್ತಿಯೇ ಇದ್ದರು. ಮುಂದಿನ ಮಾತಿಗಾಗಿ ಕಾಯುತ್ತಿದ್ದರು.

ಮೇಷ್ಟ್ರ ಬಾಯಲ್ಲಿ "ನಿನಗಲ್ಲ" ಎಂಬ ಮಾತು ತಯಾರಾಗಿತ್ತು. ಒಂದೇ ಒಂದು ಮಾತು. ಅಷ್ಟರಲ್ಲಿ ಔಷಧಿ ಅಂಗಡಿಯಿಂದ ಒಬ್ಬ ಹೆಂಗಸು ಧಾವಿಸಿ ಬಂದಳು. ಟೀಚರಮ್ಮನ ತರಗತಿಯ ಮಗುವೊಂದರ ತಾಯಿ.

"ಅಯ್ಯೋ ಟೀಚರಮ್ಮ, ಯಾಕೆ ಕೆಳಗೆ ಕೂತ್ಬಿಟ್ರಿ?"

ಟೀಚರಮ್ಮ ಆಕೆಯನ್ನು ನೋಡಿದರು. ಆಮೇಲೆ ಗಂಡನ ಕಾಲಿನ ಆಚೆ, ತಮ್ಮಷ್ಟೇ ಎತ್ತರದಲ್ಲಿ ಕೂತು ನಾಲಗೆ ಚಾಚಿದ್ದ ಕ್ಯಾಪ್ಟನ್ನನ್ನು ನೋಡಿದರು. ಅರ್ಥವಾದದ್ದು ಆಗ. ಅವರ ಮುಖ ಕುತ್ತಿಗೆಯಿಂದ ಮೇಲಕ್ಕೆ ನಿಧಾನವಾಗಿ ಕೆಂಪಾಗುತ್ತ ಬಂತು.

ಅಂಗಡಿಯವನೂ ಬಾಗಿಲಿಗೆ ಬಂದಿದ್ದ. ನಾಯಿಗೆ ಹೇಳಿದ ಮಾತಿಗೆ ಹೆಂಡತಿ ಕೂತಳು ಎಂದು ಹೇಳುವುದು ಹೇಗೆ? ಮೇಷ್ಟ್ರು ಹೆ ಹೆ ಎಂದು ನಕ್ಕರು. ಬೇರೆ ಯಾರೂ ನಕ್ಕಿರಲಿಲ್ಲ. "ತಲೆಸುತ್ತು ಬಂತು ಅವಳಿಗೆ," ಎಂದರು. "ನಾನೇ ಕೂರು ಅಂದೆ. ಇನ್ನೂ ಪೂರ್ತಿ ಹುಷಾರಾಗಿಲ್ಲ."

"ಪಾಪ, ಹಾಗಾದ್ರೆ ಈ ಸಲ ಮಕ್ಕಳಿಗೆ ಬೇರೆ ಟೀಚರೇ ಅನ್ಸುತ್ತೆ," ಎಂದು ಆಕೆ ಮರುಗಿದಳು.

ಟೀಚರಮ್ಮನಿಗೆ ಆಗ ಯಾವ ಸುತ್ತೂ ಇರಲಿಲ್ಲ. ಅವರು ಗಂಡನ ಮಾತನ್ನು ತಿದ್ದಲಿಲ್ಲ. ಆ ಹೆಂಗಸಿನ ಕೈ ಹಿಡಿದು ಎದ್ದು, ಸೀರೆಯ ಧೂಳು ಕೊಡವಿಕೊಂಡು, ಪಟ್ಟಿಯ ಹಿಡಿಕೆಯನ್ನು ಕೆಳಗೆ ಬಿಟ್ಟರು. ಮನೆಯ ತನಕ ಕಾಂಪೌಂಡುಗಳನ್ನು ಮುಟ್ಟಿ ಮುಟ್ಟಿ ನಡೆದರು. ಮೇಷ್ಟ್ರ ಹಿಂದೆ ಖಾಲಿ ಪಟ್ಟಿ ನೆಲಕ್ಕೆ ಉಜ್ಜುತ್ತ ಬಂತು.

ಮರುದಿನ ಹೆಡ್‌ಮಿಸ್ಸಿನ ಫೋನು. ಟೀಚರಮ್ಮ ಕೇಳಿಸಿಕೊಂಡು "ಹ್ಞೂಂ ಮೇಡಂ, ಸರಿ ಮೇಡಂ" ಎಂದು ಇಟ್ಟರು. "ನಾನು ಬೀದೀಲಿ ಕುಸಿದು ಬಿದ್ನಂತೆ," ಎಂದು ಗೋಡೆಗೆ ಹೇಳಿದರು. "ಅರ್ಧ ವರ್ಷ ರಜೆ ಹಾಕ್ಬೇಕಂತೆ." ಆ ಸಂಜೆ ಅವರು ಚಪ್ಪಲಿ ಹಾಕಿಕೊಂಡು ಬಾಗಿಲಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಗೋಡೆ ಹಿಡಿದು ನಡೆಯುವುದನ್ನೂ ಬಿಟ್ಟು ಮಲಗಿದರು, ಸುತ್ತು ಮತ್ತೆ ಹೆಚ್ಚಾಯಿತು.

ಮೇಷ್ಟ್ರಿಗೆ ಫುಟ್‌ಪಾತಿನ ಮೇಲೆ ತಲೆ ಎತ್ತಿ ಕಾಯುತ್ತಿದ್ದ ಆ ಮುಖ ಕಣ್ಣಿಗೆ ಕಟ್ಟಿತ್ತು. ಮೈದಾನದಲ್ಲಿ ಹುಡುಗರಿಗೆ "ಕೂತ್ಕೊಳ್ರೋ" ಎನ್ನಲು ಹೋಗಿ ದನಿ ಏಳದೆ ಸೀಟಿ ಊದಿದರು. ತಪ್ಪಾಗಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಹೆಂಡತಿಯ ಮುಂದೆ ಹೇಳಲು ನಾಚಿಕೆ. ಆದ್ದರಿಂದ, ಇಂಥ ಗಂಡಸರು ಸಾಮಾನ್ಯವಾಗಿ ಮಾಡುವ ಹಾಗೆ, ತಪ್ಪನ್ನು ಬಿಟ್ಟು ಸಲಕರಣೆಯನ್ನು ಸರಿಪಡಿಸಲು ಹೊರಟರು.

ಬೆಲ್ಟು ಕಟ್ಟಿಕೊಂಡು ಹಜಾರದ ನಡುವೆ ನಿಂತರು. ಕ್ಯಾಪ್ಟನ್ನನ್ನು ಮುಂದಿನ ರಿಂಗಿಗೆ ಸಿಕ್ಕಿಸಿದರು. ಗಂಟಲು ಸರಿಮಾಡಿಕೊಂಡು ಹೇಳಿದರು, "ಕೂತ್ಕೊಳ್ಳಿ."

ಕ್ಯಾಪ್ಟನ್ ಬಾಲ ಆಡಿಸಿತು.

"ಕೂತ್ಕೊಳ್ಳಿ ಕ್ಯಾಪ್ಟನ್. ಹಾಗಲ್ಲ. ಕೆಳಗೆ. ಕೂತ್ಕೊಳ್ಳಿ." ಬಗ್ಗಿ ಅದರ ಸೊಂಟ ಒತ್ತಿ ಕೂರಿಸಿ, ಬಿಸ್ಕತ್ತು ಕೊಟ್ಟರು. "ಹ್ಞಾಂ, ಭೇಷ್. ಈಗ ಎದ್ದೇಳಿ. ನಡೀರಿ. ನಿಂತ್ಕೊಳ್ಳಿ. ಕೂತ್ಕೊಳ್ಳಿ."

ಒಳಕೋಣೆಯ ಮಂಚ ಕಿರ್ ಎಂದಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು ಟೀಚರಮ್ಮ ನಿಂತಿದ್ದರು. ಎಷ್ಟು ಹೊತ್ತಿನಿಂದ ಎಂದು ಮೇಷ್ಟ್ರಿಗೆ ತಿಳಿಯಲಿಲ್ಲ.

"ಏನ್ ನಡೀತಿದೆ?"

"ಇನ್ಮೇಲೆ ಗೊಂದಲ ಆಗ್ಬಾರ್ದು ಅಂತ," ಎಂದರು ಮೇಷ್ಟ್ರು. "ಇದಕ್ಕೆ ಬೇರೆ ಥರ ಹೇಳಿದ್ರೆ, ನಿನಗೆ ಹೇಳಿದ್ದು ನಿನಗೆ ಗೊತ್ತಾಗುತ್ತೆ."

ಟೀಚರಮ್ಮ ನಕ್ಕರು. ಆ ನಗುವಿಗಿಂತ ಅತ್ತಿದ್ದರೆ ಮೇಷ್ಟ್ರಿಗೆ ಹಗುರವಾಗುತ್ತಿತ್ತು.

"ಎರಡನೇ ಕ್ಲಾಸಿನ ಮಕ್ಕಳಿಗೆ ನಾನು ಮೊದಲು ಕಲಿಸೋದೇ ಇದನ್ನ. ದೊಡ್ಡೋರಿಗೆ ಬಹುವಚನ ಅಂತ. ನಾಯಿಗೆ ಬಹುವಚನ ಹಾಕೋ ಮನಸ್ಸು ಬಂತು ನಿಮಗೆ. ನನಗೆ ಹಾಕೋಣ ಅಂತ ಹೊಳೀಲಿಲ್ಲ."

ಮೇಷ್ಟ್ರು ಕೈಯಲ್ಲಿದ್ದ ಬಿಸ್ಕತ್ತನ್ನು ಜೇಬಿಗೆ ಹಾಕಿಕೊಂಡರು.

"ಇನ್ನೊಂದು ಮಾತು ರೀ. ಅವತ್ತು ನನಗೆ ಗೊಂದಲ ಆಗಿರ್ಲಿಲ್ಲ. ನೀವು ಯಾವತ್ತೂ ಮಾತಾಡೋ ದನಿಯಲ್ಲೇ ಹೇಳಿದ್ರಿ. ನಾನು ಯಾವತ್ತೂ ಮಾಡೋ ಹಾಗೇ ಮಾಡಿದೆ. ಅಷ್ಟೇ." ಕೋಣೆಯ ಕಡೆ ತಿರುಗಿ, "ಕೂತಿದ್ದಕ್ಕೆ ನನಗೆ ಬೇಜಾರಿಲ್ಲ. ಸುತ್ತು ಬಂತು ಅಂದ್ರಲ್ಲ, ಅದಕ್ಕೆ," ಎಂದು ಒಳಗೆ ಹೋದರು. ಮಂಚ ಮತ್ತೆ ಕಿರ್ ಎಂದಿತು.

ಮೇಷ್ಟ್ರು ಹಜಾರದಲ್ಲೇ ನಿಂತಿದ್ದರು. ಬೆವರು ಬೆನ್ನಿನಿಂದ ಇಳಿದು ಬೆಲ್ಟಿನೊಳಗೆ ಸೇರುತ್ತಿತ್ತು. ಜನ ನೋಡ್ತಾರೆ ಎಂದು ಇಷ್ಟು ಕಾಲ ನಾಚಿದ್ದರು. ಈಗ ಹಜಾರದಲ್ಲಿ ಒಂದು ನಾಯಿಯ ಹೊರತು ಯಾರೂ ಇರಲಿಲ್ಲ, ಆದರೂ ಮುಖ ಎತ್ತಲಾಗಲಿಲ್ಲ. ಗೋಡೆಯ ಮೇಲಿನ ಮಾಸಲು ಗೆರೆಯನ್ನು ಅವರು ಮೊದಲ ಬಾರಿ ಸರಿಯಾಗಿ ನೋಡಿದರು. ಅದು ಬಾಗಿಲ ಹತ್ತಿರ ಬಂದು ನಿಂತಿತ್ತು.

ಅವರು ಹಿಂದಿನ ರಿಂಗಿನಿಂದ ಎರಡನೇ ಪಟ್ಟಿಯನ್ನು ಕಳಚಿ ಡಬ್ಬಿಗೆ ಹಾಕಿದರು. ಫೋನು ಎತ್ತಿದರು. ಒಳಕೋಣೆಯ ಬಾಗಿಲು ತೆರೆದೇ ಇತ್ತು. ಮುಚ್ಚಲು ಕೈ ಹೋಯಿತು, ಮುಚ್ಚಲಿಲ್ಲ.

"ಹೆಡ್‌ಮಿಸ್ಸಾ? ನಾನು, ಟೀಚರಮ್ಮನ ಮನೆಯವರು. ಒಂದು ವಿಷಯ ಹೇಳ್ಬೇಕಿತ್ತು. ಅವತ್ತು ರಸ್ತೇಲಿ ಇವ್ರು ಕುಸಿದು ಬಿದ್ದಿಲ್ಲ. ತಲೆನೂ ಸುತ್ತಿರ್ಲಿಲ್ಲ. ನಾನು ನಾಯಿಗೆ ಕೂತ್ಕೋ ಅಂದೆ, ಇವ್ರಿಗೆ ಅಂದಿದ್ದು ಅನ್ಕೊಂಡು ಇವ್ರು ಕೂತ್ರು. ಹ್ಞಾಂ, ನಾಯಿಗೆ. ಸುಳ್ಳು ಹೇಳಿದ್ದು ನಾನು. ಇಲ್ಲ ಮೇಡಂ, ನಗು ಬಂದ್ರೆ ನಗಿ, ಪರವಾಗಿಲ್ಲ. ಇವ್ರ ಕ್ಲಾಸು ಇವ್ರಿಗೇ ಇರ್ಲಿ. ಇವ್ರನ್ನ ದಿನಾ ರಸ್ತೇಲಿ ನಡೆಸೋದು ನನ್ನ ಜವಾಬ್ದಾರಿ."

ಆ ಕಡೆ ನಕ್ಕರೋ ಇಲ್ಲವೋ, ಮೇಷ್ಟ್ರ ಕಿವಿಯಂತೂ ಸುಡುತ್ತಿತ್ತು. ಫೋನು ಇಟ್ಟು ತಿರುಗುವ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿಯ ಸದ್ದು ಕೇಳಿಸಿತು. ಟೀಚರಮ್ಮ ಮುಖ ತೊಳೆದು ಬಂದಿದ್ದರು. ಮೇಷ್ಟ್ರು ತಮ್ಮ ಎರಡು ಖಾಲಿ ಕೈಗಳನ್ನು ನೋಡಿಕೊಂಡು, ಒಂದನ್ನು ಮುಂದೆ ಚಾಚಿದರು.

"ಜನ ನೋಡ್ತಾರೆ," ಎಂದರು ಟೀಚರಮ್ಮ.

"ನೋಡ್ಲಿ."

ಮೊದಲು ಮೇಷ್ಟ್ರು ಹಿಡಿದದ್ದು ಮಣಿಕಟ್ಟನ್ನು, ಶಾಲೆ ತಪ್ಪಿಸಿದ ಹುಡುಗರನ್ನು ಎಳೆದು ತರುವ ರೀತಿಯಲ್ಲಿ. ಟೀಚರಮ್ಮ ಗೇಟಿನ ಹತ್ತಿರ ನಿಂತು, ಕೈ ಬಿಡಿಸಿಕೊಂಡು, ಅಂಗೈಗೆ ಅಂಗೈ ಸೇರಿಸಿ ಹಿಡಿಯುವುದು ಹೇಗೆಂದು ತೋರಿಸಿಕೊಟ್ಟರು. ಮೇಷ್ಟ್ರ ಅಂಗೈ ಒದ್ದೆಯಾಗಿತ್ತು. ಎದುರುಮನೆಯ ಅಜ್ಜಿ ಬಟ್ಟೆ ಎತ್ತುತ್ತಿದ್ದವಳು ನೋಡಿದಳು. ಮೂಲೆಯ ಅಂಗಡಿಯ ಹುಡುಗರು ಮಾತು ನಿಲ್ಲಿಸಿದರು, ಒಬ್ಬ "ನಮಸ್ತೆ ಸರ್" ಎಂದ, ಬೆನ್ನ ಹಿಂದೆ ಯಾರೋ ಕಿಸಕ್ಕೆಂದರು. ಮೇಷ್ಟ್ರಿಗೆ ನೆಲ ವಾಲಿದ ಹಾಗಾಯಿತು. ಆ ಒಂದು ಬೀದಿಯ ಉದ್ದಕ್ಕೂ ಯಾರು ಯಾರನ್ನು ಹಿಡಿದು ನಡೆಸಿದರು ಎಂದು ಹೇಳುವುದು ಕಷ್ಟ.

ಔಷಧಿ ಅಂಗಡಿಯ ಮುಂದೆ ಬಂದು ನಿಂತರು. ಬಸ್ಸು ತಿರುಗುತ್ತಿತ್ತು. ಆಚೆ ಬದಿಯಲ್ಲಿ ಅದೇ ಬೆಕ್ಕು. ಕ್ಯಾಪ್ಟನ್ ಜಗ್ಗಿತು, ಬೆಲ್ಟು ಸೊಂಟದ ಮೂಳೆಗೆ ಒತ್ತಿತು. ಕೂರಿಸಬೇಕು. ಮೇಷ್ಟ್ರು ಬಾಯಿ ತೆರೆದರು, ಆ ಪದ ಹೊರಗೆ ಬರಲಿಲ್ಲ. ಪಕ್ಕದಲ್ಲಿ ಅದೇ ಫುಟ್‌ಪಾತು, ಅದೇ ಧೂಳು. ಅವರು ಸುಮ್ಮನೆ ಕಾಲು ಅಗಲಿಸಿ ನಿಂತು, ನಾಯಿ ಎಳೆದಷ್ಟೂ ಎಳೆಸಿಕೊಂಡರು.

ಟೀಚರಮ್ಮ ಅವರನ್ನು ಒಮ್ಮೆ ನೋಡಿದರು. ಆಮೇಲೆ ನಾಯಿಯ ಕಡೆ ತಿರುಗಿ, ತರಗತಿಯ ಹಿಂದಿನ ಬೆಂಚಿಗೂ ಮುಟ್ಟುವಂಥ ದನಿಯಲ್ಲಿ ಹೇಳಿದರು.

"ಕೂತ್ಕೋ."

ಕ್ಯಾಪ್ಟನ್ ತಟ್ಟನೆ ಕೂತಿತು. ಮೇಷ್ಟ್ರ ಮೊಣಕಾಲೂ ಬಾಗಿತು. ಅರ್ಧ ಬಗ್ಗಿ, ಏನು ಮಾಡುತ್ತಿದ್ದೇನೆಂದು ಗೊತ್ತಾಗಿ, ಅಲ್ಲೇ ನಿಂತರು. ಮೇಲೇಳಲೂ ನಾಚಿಕೆ, ಕೂರಲೂ ನಾಚಿಕೆ.

ಟೀಚರಮ್ಮ ನಗಲಿಲ್ಲ. ಹಿಡಿದ ಕೈಯನ್ನು ಮೆಲ್ಲಗೆ ಮೇಲಕ್ಕೆ ಎತ್ತಿದರು.

"ನಿಮಗಲ್ಲ ರೀ," ಎಂದರು.